ಮೂರು ಓಲೆಯ ಮಗ್ಗ

ಬಹಳ ಹಿಂದೆ, ನದಿಗಳು ಇನ್ನೂ ತಮ್ಮ ದಾರಿ ಹುಡುಕುತ್ತಿದ್ದ ಕಾಲದಲ್ಲಿ, ನೂಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ನೇಕಾರರಿಗೆ ಏಳು ರಾಜ್ಯಗಳಲ್ಲಿ ಹೆಸರಿತ್ತು. ಒಂದು ದಿನ ವಕ್ರಸಿದ್ಧನೆಂಬ ಮಾಂತ್ರಿಕ ಅರಸನಿಗೆ ಒಂದು ಮಾಯಾಮಗ್ಗ ತಂದುಕೊಟ್ಟ. ನೂಲಿಟ್ಟು ಮಂತ್ರ ಹೇಳಿದರೆ ಅದು ತಾನಾಗಿ ನೇಯುತ್ತಿತ್ತು. ಅರಸ ಮರುಳಾದ. ಹಳೆಯ ಮಗ್ಗಗಳನ್ನೆಲ್ಲ ಉಗ್ರಾಣಕ್ಕೆ ಸೇರಿಸಿ ಬೀಗ ಹಾಕಿಸಿದ.

ಮಗ್ಗದೊಡನೆ ಬಂದ ವಿವರಣೆ ಮೂರೇ ಓಲೆ. ಮೊದಲನೆಯದು ವಕ್ರಸಿದ್ಧನ ಸ್ತುತಿ. ಎರಡನೆಯದರಲ್ಲಿ ‘ನೂಲಿಟ್ಟು ಮಂತ್ರ ಹೇಳತಕ್ಕದ್ದು’ ಎಂದಿತ್ತು. ಯಾವ ಮಂತ್ರವೆಂದು ಇರಲಿಲ್ಲ. ಮೂರನೆಯದರಲ್ಲಿ ‘ಮುಂದಿನದು ಎಲ್ಲರಿಗೂ ತಿಳಿದದ್ದೇ’ ಎಂದಿತ್ತು.

ನೇಕಾರರ ಯಜಮಾನ ಮುದುವಣ್ಣ ವಿನಯದಿಂದಲೇ ವಿವರ ಕೇಳಿದ. ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ವಕ್ರಸಿದ್ಧ ಅವನನ್ನು ಟಗರು ಮಾಡಿ ಮಗ್ಗದ ಕಾಲಿಗೆ ಕಟ್ಟಿದ. ಮೂರು ದಿನದೊಳಗೆ ಸಿಂಹಾಸನಕ್ಕೆ ಮೇಲ್ಕಟ್ಟು ನೇಯ್ದುಕೊಟ್ಟರೆ ಸರಿ, ಇಲ್ಲದಿದ್ದರೆ ಇವನು ಸಾಯುವವರೆಗೂ ಟಗರೇ ಎಂದ.

ಮುದುವಣ್ಣನ ತಂಗಿ ದ್ಯಾವಕ್ಕ ಸೆರಗು ಬಿಗಿದು ಎದ್ದಳು.

ಮೊದಲ ದಿನ, ಸಂದೇಹ ಪರಿಹರಿಸಲೆಂದು ಮಾಂತ್ರಿಕ ನೇಮಿಸಿದ್ದ ಗಿಳಿಯ ಬಳಿ ಹೋದಳು.

“ನನ್ನ ಪಂಜರದಿಂದ ನೋಡಿದರೆ ಮಗ್ಗ ಸರಿಯಾಗಿಯೇ ಇದೆ ತಂಗಿ. ನಿನ್ನ ಕೈಗುಣ ನೋಡಿಕೋ” ಎಂದಿತು ಗಿಳಿ.

ಒಂದು ಬುಟ್ಟಿ ಸೀಬೆಹಣ್ಣು ತಿಂದ ಮೇಲೆ ಮಂತ್ರ ಹೇಳಿತು. ಮಗ್ಗದಲ್ಲಿ ಹಿಂದಿನ ಬಟ್ಟೆಯ ಕಪ್ಪು ಎಳೆಗಳು ಗೇಣುದ್ದ ಉಳಿದಿದ್ದವು. ಮಗ್ಗ ಬರಿದಾದರೆ ಮನೆ ಬರಿದಾಗುತ್ತದೆಂದು ನೇಕಾರರ ನಂಬಿಕೆ. ಆ ತುದಿಯನ್ನು ಅವರು ಎಂದೂ ಕತ್ತರಿಸುವುದಿಲ್ಲ, ಹೊಸ ನೂಲನ್ನು ಅದಕ್ಕೇ ಗಂಟು ಹಾಕುತ್ತಾರೆ. ದ್ಯಾವಕ್ಕ ಹಾಗೆಯೇ ಗಂಟು ಹಾಕಿ ಮಂತ್ರ ಹೇಳಿದಳು. ಮಗ್ಗ ಅವಳ ನೂಲನ್ನೆಲ್ಲ ನುಂಗಿ ಸುಮ್ಮನಾಯಿತು.

ಎರಡನೆಯ ದಿನ ಅದೇ ಮಂತ್ರ ಹೇಳಿದರೆ ಲಾಳಿ ಅಲುಗಲೂ ಇಲ್ಲ. ಮಗ್ಗಕ್ಕೆ ಸುತ್ತಿಕೊಂಡಿದ್ದ ಕಾವಲಿನ ಹಾವು ಹೆಡೆಯೆತ್ತಿ, ಅದು ನಿನ್ನೆಯ ಮಂತ್ರ, ಒಡೆಯರು ಬೆಳಗ್ಗೆ ಬದಲಿಸಿದ್ದಾರೆ ಎಂದಿತು. ಯಾರಿಗೆ ತಿಳಿಸಿದ್ದಾರೆ ಎಂದು ಇವಳು ಕೇಳಿದಳು. ತಿಳಿಸುವ ವಾಡಿಕೆಯಿಲ್ಲ ಎಂದಿತು ಹಾವು. ಒಂದು ಗಡಿಗೆ ಹಾಲಿಗೆ ಹೊಸ ಮಂತ್ರ ಸಿಕ್ಕಿತು. ಈ ಸಲ ಬಟ್ಟೆ ಇಳಿಯಿತು. ಆದರೆ ಗಂಟಿನಿಂದ ಕಪ್ಪು ಹರಿದು, ಬಟ್ಟೆಯ ತುಂಬ ವಕ್ರಸಿದ್ಧನ ಕಣ್ಣುಗಳು ಮೂಡಿದವು. ಮುಟ್ಟಿದೊಡನೆ ಬೂದಿಯಾಯಿತು.

ಮೂರನೆಯ ದಿನ ಅವಳು ಯಾರನ್ನೂ ಕೇಳಲಿಲ್ಲ. ಮಗ್ಗದ ಸುತ್ತ ತಿರುಗಿದಳು, ಕೂತಳು, ಮತ್ತೆ ಎದ್ದಳು. ಟಗರು ಹಗ್ಗ ಜಗ್ಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಎರಡು ದಿನವೂ ಕೆಟ್ಟದ್ದು ಎಲ್ಲಿಂದ? ಗಂಟಿನಿಂದ. ಆ ಕಪ್ಪು ಎಳೆ ಯಾರದು? ಮಗ್ಗದಲ್ಲಿ ಯಾರ ಎಳೆ ಉಳಿದಿದೆಯೋ ಮಗ್ಗ ಅವರದೇ.

ಕತ್ತರಿಯನ್ನು ಆ ಕಪ್ಪು ತುದಿಗೆ ಹಿಡಿದಳು. ಅವಳ ಮನೆತನದಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲ.

“ಅಣ್ಣಾ, ತಪ್ಪಾದರೆ ನನ್ನನ್ನು ಹಾಯಬೇಡ” ಎಂದಳು. ಟಗರು ತಲೆ ತಗ್ಗಿಸಿತು.

ಅಷ್ಟರಲ್ಲಿ ವಕ್ರಸಿದ್ಧ ಓಡಿಬಂದ. “ಕತ್ತರಿಸಬೇಡ. ನಿಮ್ಮ ಪದ್ಧತಿ ಕೆಡುತ್ತದೆ.”

“ನಮ್ಮ ಪದ್ಧತಿಯ ಚಿಂತೆ ನಿಮಗೇಕೆ, ಸ್ವಾಮಿ?” ಎಂದು ದ್ಯಾವಕ್ಕ ಕತ್ತರಿಸಿಯೇಬಿಟ್ಟಳು.

ಅವನ ಬಲವೆಲ್ಲ ಆ ಗೇಣುದ್ದ ಎಳೆಯಲ್ಲಿತ್ತು. ಅವನು ಕುಗ್ಗಿ ಕುಗ್ಗಿ ಜೇಡವಾಗಿ ಬಾಗಿಲ ಸಂದಿಗೆ ಹೋದ. ದ್ಯಾವಕ್ಕ ತನ್ನ ನೂಲನ್ನು ಹಾಸಿದಳು.

“ಏನು ನೇಯಲಿ, ತಾಯಿ?” ಎಂದಿತು ಮಗ್ಗ. ಮಂತ್ರವೇ ಬೇಕಿರಲಿಲ್ಲ.

ಸೂರ್ಯ ಮುಳುಗುವ ಮೊದಲು ಮೇಲ್ಕಟ್ಟು ಸಿದ್ಧವಾಯಿತು. ಟಗರು ಮುದುವಣ್ಣನಾಯಿತು. ಗಿಳಿಯೂ ಹಾವೂ ಮನುಷ್ಯರಾದವು. ಅವರೂ ಹಿಂದೆ ಮೂರು ಸಲ ಪ್ರಶ್ನೆ ಕೇಳಿದವರೇ. ಅರಸ ನಾಚಿ ಉಗ್ರಾಣದ ಬೀಗ ತೆಗೆಸಿದ, ಬೇಕಾದ ಬಹುಮಾನ ಕೇಳೆಂದ. ದ್ಯಾವಕ್ಕ ಕೇಳಿದ್ದು ಒಂದು ಹೊರೆ ಬರಿಯ ಓಲೆ. ಗಂಟಿನಿಂದ ಹಿಡಿದು ಎಲ್ಲವನ್ನೂ, ತಾನು ಎಡವಿದ್ದನ್ನೂ ಬಿಡದೆ ಬರೆದಳು. ಮಗ್ಗವನ್ನೇ ಕಾಣದ ಅರಮನೆಯ ಅಡಿಗೆಯವನ ಕೈಗೆ ಕೊಟ್ಟು, ಅವನು ಎಲ್ಲಿ ತಡವರಿಸಿದನೋ ಅಲ್ಲಿ ತಿದ್ದಿದಳು. ಬರೆಯುವುದೆಂದರೆ ಹಾಗೆ.

ಅವನು ಒಂದು ಅಂಗವಸ್ತ್ರ ನೇಯ್ದ ದಿನ ಅವಳು ಲೇಖನಿ ಕೆಳಗಿಟ್ಟಳು. ಆಮೇಲೆ ನೂಲಾವತಿಯಲ್ಲಿ ಎಲ್ಲರೂ ನೆಮ್ಮದಿಯಿಂದ ಬಾಳಿದರು. ಮುದುವಣ್ಣ ಮಾತ್ರ ಹಸಿರು ಸೊಪ್ಪು ಕಂಡಲ್ಲಿ ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದ.