ಮೂರು ಗೋಡೆಯ ಠಾಣೆ

ಫೆಬ್ರವರಿ 12, ಬೆಳಗ್ಗೆ 10.40. ಕಲ್ಯಾಣದುರ್ಗ ಠಾಣೆಗೆ ಪೋತಪ್ಪ ಎಂಬಾತ ಬಂದು ದೂರು ಕೊಟ್ಟ: ಹಿಂದೂಪುರದ ಎಸ್‌ಐ ಜಯಚಂದ್ರ ನಿನ್ನೆ ಮನೆಗೆ ಬಂದು ಹೊಲಿಗೆ ಮಿಷನ್ ಹೊತ್ತೊಯ್ದಿದ್ದಾರೆ, ರಸೀದಿ ಕೊಟ್ಟಿಲ್ಲ.

"ಮಿಷನ್ ಯಾರದು?" ಇನ್‌ಸ್ಪೆಕ್ಟರ್ ಲಕ್ಷ್ಮೀಕಾಂತ್ ಕೇಳಿದರು.

"ನಮ್ಮಣ್ಣಂದು ಸಾರ್. ಅಣ್ಣ ತೀರ್ಕೊಂಡ್ಬುಟ್ಟ. ಅತ್ತಿಗೆ ಹತ್ರ ಯಾಕಿರಬೇಕು ಅಂತ ಎತ್ಕೊಂಡ್ ಬಂದಿದ್ದೆ."

ಅಬ್ಬಾ, ಎಂಥ ನ್ಯಾಯ! ಆದರೂ ದೂರು ದೂರೇ. ಫೋನ್ ಮಾಡಿ ವಿಚಾರಿಸಿದರೆ, ಆ ಹೆಸರಿನ ಎಸ್‌ಐ ಹಿಂದೂಪುರದ ಯಾವ ಠಾಣೆಯಲ್ಲೂ ಇರಲಿಲ್ಲ. ಪೊಲೀಸ್ ಸೋಗು ಹಾಕಿದ್ದಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 3.15ಕ್ಕೆ ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ತ್ರಿವೇಣಿ ಪರಿಗಿ ಹತ್ತಿರದ ಹಳ್ಳಿಯಲ್ಲಿ ಆ ಅತ್ತಿಗೆ ಆದೆಮ್ಮನ ಮನೆ ಮುಟ್ಟಿದರು. ಆಕೆ ಅದೇ ಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಒಂಟಿ ಹೆಂಗಸಿನ ಹೊಟ್ಟೆಪಾಡು ಅದೊಂದೇ.

"ಎಲ್ಲಿ ಕಂಪ್ಲೇಂಟ್ ಕೊಟ್ಟೆಯಮ್ಮ?"

"ಪರಿಗಿ ರೋಡಲ್ಲಿ ಹೊಸಾ ಸ್ಟೇಷನ್ ಮಾಡವ್ರಲ್ಲಾ, ಅಲ್ಲೇ. ಆ ಸಾರು ಚೇರ್ ಹಾಕ್ಕೊಟ್ರು, ಟೀ ತರಿಸಿದ್ರು."

"ಚೇರು, ಟೀ ಎರಡೂನಾ? ಹಂಗಾದ್ರೆ ಅದು ಸ್ಟೇಷನ್ನೇ ಅಲ್ಲ ಬಿಡಿ ಸಾರ್," ಎಂದಳು ತ್ರಿವೇಣಿ. ಇನ್‌ಸ್ಪೆಕ್ಟರ್ ನಗಲಿಲ್ಲ.

ಆ ಠಾಣೆಗೆ ಬೋರ್ಡಿತ್ತು, ಲಾಕಪ್ ಇತ್ತು. ಗೋಡೆ ಮಾತ್ರ ಮೂರೇ. ಅದು ಟಿವಿ ಕ್ರೈಂ ಧಾರಾವಾಹಿಯ ಸೆಟ್. ಶೂಟಿಂಗ್ ಇಲ್ಲದ ದಿನವಾದರೂ ಎಸ್‌ಐ ಜಯಚಂದ್ರನ ಪಾತ್ರಧಾರಿ ಚೆನ್ನಕೇಶವ ಖಾಕಿ ತೊಟ್ಟು ಮೇಜಿನ ಹಿಂದೆ ಒಬ್ಬನೇ ಕೂತಿದ್ದ.

"ರಜಾ ದಿನ ಇಲ್ಲೇನು ಕೆಲಸ?"

"ಲಾಡ್ಜಲ್ಲಿ ಒಬ್ನೇ ಕೂರಕ್ಕಾಗಲ್ಲ ಸಾರ್."

"ನೀನು ನಟ ಅಂತ ಆಕೆಗೆ ಯಾಕೆ ಹೇಳಲಿಲ್ಲ?"

"ಹೇಳಾಣ ಅಂತಿದ್ದೆ. ಅಷ್ಟ್ರಲ್ಲಿ ಆಯಮ್ಮ ಅಳಕ್ಕೆ ಶುರು ಮಾಡ್ಬುಟ್ಳು. ಎರಡು ಗಂಟೆ ಕೂತು ಎಲ್ಲಾ ಹೇಳ್ಕೊಂಡ್ಳು. ಈ ವರ್ಷದಾಗೆ ನನ್ನತ್ರ ಅಷ್ಟೊತ್ತು ಯಾರೂ ಕೂತಿಲ್ಲ ಸಾರ್. ಮಿಷನ್ ತಂದ್ಕೊಡ್ತೀನಿ ಅಂತ ಮಾತು ಕೊಟ್ಬುಟ್ಟೆ."

ಸಂಜೆ 5.10ಕ್ಕೆ ಬಂಧನ. ವಾಪಸಾಗುವಾಗ ಆದೆಮ್ಮನ ಮನೆಯಿಂದ ಮಿಷನ್ನನ್ನು ಸಾಕ್ಷ್ಯವಾಗಿ ಜಪ್ತಿ ಮಾಡಲೇಬೇಕಿತ್ತು. ಪಕ್ಕದ ಮನೆಯ ಎರ್ರಪ್ಪ, ಪ್ರಮೀಳಾ ಪಂಚನಾಮೆಗೆ ಸಹಿ ಹಾಕಿದರು. ತ್ರಿವೇಣಿ ಸೂಜಿಯಡಿಯಿಂದ ಅರ್ಧ ಹೊಲಿದ ರವಿಕೆ ಬಿಡಿಸಿ ಆದೆಮ್ಮನ ಕೈಗಿಟ್ಟಳು.

ಆದೆಮ್ಮ ಜೀಪಿನ ಹಿಂದೆ ಓಡಿ ಬಂದವಳು ಒಳಗಿದ್ದ ಚೆನ್ನಕೇಶವನನ್ನು ಕಂಡಳು.

"ಸದ್ಯ, ನೀವೂ ಬಂದಿದ್ದೀರಲ್ಲ ಸಾರ್! ಇವ್ರು ಮಿಷನ್ ಎತ್ಕೊಂಡು ಹೋಗ್ತಾವ್ರೆ ನೋಡಿ. ಒಂದ್ಮಾತು ಹೇಳಿ ಸಾರ್."

ಲಕ್ಷ್ಮೀಕಾಂತ್ ಮುಖ ತಿರುಗಿಸಿದರು. ಚೆನ್ನಕೇಶವ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ.

"ಹೇಳ್ತೀನಿ ಕಣಮ್ಮ," ಎಂದ. "ನೀನು ಒಳಕ್ಕೆ ಹೋಗು."