ಹನ್ನೂರ ಬಾವಿ, ಲಂಡನ್ ವಿಮಾನ

ಬೆನ್ನ ಹಿಂದೆ ಬಾವಿ. ಎದೆಯ ಮುಂದೆ ಪಿಸ್ತೂಲು!

ಪಿಸ್ತೂಲು ಹಿಡಿದವನು ಶಂಕರೆಪ್ಪ. ಸೊಲ್ಲಾಪುರದ ಚಾದರ ವ್ಯಾಪಾರಿಯ ಮಗ. ಎರಡು ವರ್ಷ ಲಂಡನ್ನಿನಲ್ಲಿದ್ದು ಬಂದವನು. ಹನ್ನೂರಿನ ಉರಿ ಬಿಸಿಲಿನಲ್ಲೂ ಟೈ ಕಟ್ಟಿದ್ದ, ಕತ್ತೆ!

ಎಪ್ಪತ್ನಾಲ್ಕರ ಜನವರಿ ಅದು. ಹಿಂದಿನ ಮಂಗಳವಾರ ಸಂಜೆ ನಾಲ್ಕಕ್ಕೆ ರೈತ ಮಲಕಾಜಪ್ಪನನ್ನು ಯಾರೋ ಇದೇ ಬಾವಿಗೆ ನೂಕಿ ಕೊಂದಿದ್ದರು. ಅವನ ಹೊಲಕ್ಕೆ ಗಂಟು ಬಿದ್ದಿದ್ದವನು ಶಂಕರೆಪ್ಪ. ಪೊಲೀಸರು ಹಿಡಿದದ್ದು ಮಾತ್ರ ಕರಜಗಿಯ ಅಮೋಗಸಿದ್ಧನನ್ನು... ಬಾವಿಯ ಹತ್ತಿರ ಕುರಿ ಮೇಯಿಸಿದ ತಪ್ಪಿಗೆ!

ಅವನ ಹೆಂಡತಿ ಸೋನಾಬಾಯಿ ಪತ್ತೇದಾರನಾದ ನನ್ನ ಬಾಗಿಲಿಗೆ ಬಂದಿದ್ದಳು.

"ಅಣ್ಣಾ, ನಮ್ಮವರ್ನ ಗಲ್ಲಿಗೆ ಹಾಕ್ತಾರಂತ್ರೀ..."

ನನಗೆ ಅಳು ಕಂಡರೆ ಸಿಟ್ಟು. ಆ ಸಿಟ್ಟಿಗೇ ಕೇಸು ಹಿಡಿದೆ. 'ನಿನ್ನ ವಿಮಾನದ ಲೆಕ್ಕ ತಪ್ಪಿದೆ, ಬಾವಿಗೆ ಬಾ' ಎಂದು ಶಂಕರೆಪ್ಪನಿಗೆ ಚೀಟಿ ಕಳಿಸಿದೆ.

ಬಂದ.

"ಏನ್ ತಪ್ಪ್ಯದಲೇ?" ಹಲ್ಲು ಕಡಿದ. "ಮಂಗಳವಾರ ಮುಂಜಾನಿ ಹತ್ತಕ್ಕ ಲಂಡನ್ ಬಿಟ್ಟೀನಿ. ಸಂಜಿ ಏಳಕ್ಕ ಮುಂಬೈ. ರಾತ್ರಿ ಹತ್ತರ ರೈಲ ಹತ್ತಿ, ಬುಧವಾರ ಮುಂಜಾನಿ ಸೊಲ್ಲಾಪುರದಾಗ ಇಳದೀನಿ. ಇಡೀ ಪ್ಯಾಟಿ ನೋಡ್ಯದ!"

ಪೇಟೆ ನೋಡಿದ್ದು ನಿಜ. ಅಪ್ಪ ಸ್ಟೇಷನ್ನಿನಲ್ಲೇ ಹಾರ ಹಾಕಿದ್ದ. ಟಿಕೆಟ್ಟು, ಪಾಸ್‌ಪೋರ್ಟು? ರೈಲಿನಲ್ಲಿ ಕಳುವಾದವಂತೆ! ಠಾಣೆಯ ಫೌಜದಾರ ಚಹಾ ಕುಡಿದು ನಂಬಿದ್ದ. ದೊಡ್ಡವರ ಮನೆಯ ಚಹಾ ನೋಡಿ!

"ವಿಮಾನಕ್ಕ ಎಷ್ಟ ತಾಸು?"

"ಒಂಬತ್ತು! ಏಳು ಸಾವಿರದ ಎರಡನೂರ ಕಿಲೋಮೀಟರ. ತಾಸಿಗೆ ಎಂಟನೂರ. ಭಾಗಿಸ್ಕೋ, ಬರತಿದ್ರ!"

ನಾನೂ ಭಾಗಿಸಿದ್ದೆ. ಅಕ್ಕಲಕೋಟೆಯ ಶಾಲೆಯೊಂದರ ಗ್ಲೋಬಿನ ಮೇಲೆ ದಾರ ಎಳೆದು ಅಳೆದಿದ್ದೆ. ದೂರ ಸರಿ. ಒಂಬತ್ತು ತಾಸೂ ಸರಿ.

"ಭಾಗಾಕಾರ ಬರೋಬ್ಬರಿ ಅದ ಸಾವಕಾರ. ಗಡಿಯಾರ ತಪ್ಪ್ಯದ! ಲಂಡನ್ನಿನಾಗ ಮುಂಜಾನಿ ಹತ್ತಂದ್ರ ನಮ್ಮಲ್ಲಿ ಮಧ್ಯಾಹ್ನ ಮೂರೂವರಿ. ಅದಕ್ಕ ಒಂಬತ್ತ ತಾಸ ಕೂಡಸು... ರಾತ್ರಿ ಹನ್ನೆರಡೂವರಿ! ಹತ್ತರ ರೈಲು ಹೆಂಗ ಹತ್ತಿದಿ?"

ಶಂಕರೆಪ್ಪನ ಕಣ್ಣು ತನ್ನ ಕೈಗಡಿಯಾರಕ್ಕೆ ಹೋಯಿತು. ಹೋಗುವಾಗೊಮ್ಮೆ, ಬರುವಾಗೊಮ್ಮೆ ಗಡಿಯಾರ ತಿರುಗಿಸಿದವನು ಸುಳ್ಳು ಹೇಳುವಾಗ ಮರೆತಿದ್ದ. ಥೂ! ಇಂಥವನ ಕೊರಳಿಗೆ ಹಾರ ಬೇರೆ!

"ಹೌದಲೇ! ಸೋಮವಾರನ ಮುಂಬೈಗೆ ಇಳದೀನಿ. ಮಂಗಳವಾರ ಅವನ್ನ ನೂಕಿ, ರಾತ್ರಿ ನಡುವಿನ ಸ್ಟೇಷನ್ನಿನಾಗ ಅದ ರೈಲ ಹತ್ತೀನಿ. ಇವತ್ತ ನಿನ್ನ ಪಾಳಿ! ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾತು!"

ದನಿ ಬಾವಿಯೊಳಗಿಂದ ಬಂತು.

ಶಂಕರೆಪ್ಪ ಬೆಚ್ಚಿ ಅತ್ತ ನೋಡಿದ. ನನಗೆ ಅಷ್ಟು ಸಾಕಿತ್ತು. ಮಣಿಕಟ್ಟಿಗೆ ಒಂದು ಬಿಗಿದೆ. ಪಿಸ್ತೂಲು ನೀರಿಗೆ ಬಿತ್ತು... ಡುಬುಕ್! ಅವನು ಜೋಳದ ಹೊಲಕ್ಕೆ ನುಗ್ಗಿದ. ನಾನೂ ನುಗ್ಗಿದೆ. ಹೆಗಲ ಮೇಲೆ ಹಾರುತ್ತಿದ್ದ ಟೈ ಕೈಗೆ ಸಿಕ್ಕಿತು.

ಎಳೆದೆ!

ಬಾವಿಯ ಮೆಟ್ಟಿಲಲ್ಲಿ ನಾನೇ ಕೂರಿಸಿದ್ದ ಫೌಜದಾರ ಸೊಂಟ ಹಿಡಿದುಕೊಂಡು ಮೇಲೆ ಬಂದ. ಬೇಡಿ ಹಾಕಿದ. ನನ್ನ ಮುಖ ಮಾತ್ರ ನೋಡಲಿಲ್ಲ.

ಅಮೋಗಸಿದ್ಧ ಮರುದಿನ ಮನೆ ಸೇರಿದ. ಸೋನಾಬಾಯಿ ಮತ್ತೆ ಅತ್ತಳು. ಆ ಸಲ ನನಗೆ ಸಿಟ್ಟು ಬರಲಿಲ್ಲ.

ಶಂಕರೆಪ್ಪನೇ? ಜೀಪು ಹತ್ತುವಾಗ ಮೆಲ್ಲಗೆ ಕೇಳಿದ್ದ. "ಸೊಲ್ಲಾಪುರ ಜೇಲಿಗೆ ಎಷ್ಟ ಹೊತ್ತಾಗ್ತದ್ರಿ?"

"ಒಂದ ತಾಸು ಸಾವಕಾರ," ಎಂದೆ. "ಗಡಿಯಾರ ತಿರುಗಸೂದ ಬ್ಯಾಡ!"