ಅವನು ಎದ್ದು ಹೋದ ಚಿತ್ರ

ಚಳಿ ಮುಗಿಯುತ್ತಾ ಬಂದಿತ್ತು. ಬಿಸಿಲು ಇನ್ನೂ ಮೈಗೆ ಹಿತವಾಗಿದ್ದ ದಿನಗಳು. ಬೆಳಿಗ್ಗೆ ಹನ್ನೊಂದರ ಹೊತ್ತು. ಆದರೆ ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದಿದ್ದ ಆ ಹಾಲ್‌ನೊಳಗೆ ಹಗಲೋ ಇರುಳೋ ತಿಳಿಯುವಂತಿರಲಿಲ್ಲ.

ವೃತ್ತಿಯ ಫೋಟೋಗ್ರಾಫರುಗಳ ಸ್ಪರ್ಧೆ ಅದು. ಮುಂದೆ ಒಂದು ಸ್ಟ್ಯಾಂಡು, ಅದರ ಮೇಲೆ ಒಂದೇ ದೀಪ, ಎದುರಿಗೆ ಅಂಕದ ಗುಂಡಿಗಳ ಮುಂದೆ ಐದು ಜನ ತೀರ್ಪುಗಾರರು. ಒಂದೊಂದೇ ಚಿತ್ರ ಬಂದು ದೀಪದ ಕೆಳಗೆ ಕೂರುತ್ತಿತ್ತು. ತೆಗೆದವರ ಹೆಸರು ಯಾರೂ ಹೇಳುವಂತಿಲ್ಲ. ತೆಗೆದವರು ಹಿಂದಿನ ಸಾಲುಗಳಲ್ಲಿ ಕೂತು ಎಲ್ಲವನ್ನೂ ಕೇಳಬಹುದು, ಆದರೆ ತುಟಿ ಪಿಟಕ್ಕೆನ್ನಬಾರದು. ಐವರ ಅಂಕದ ಸರಾಸರಿ ನೂರಕ್ಕೆ ಎಂಬತ್ತು ಬಂದರೆ ಪದಕ. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಕೊನೆಯ ಸಾಲಿನ ಹುಡುಗಿಯ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು.

"ಕಾಲು ನಿಲ್ಸೇ ಪಾದರಸ... ಕೂತಿರೋ ಬೆಂಚು ಬಿಚ್ಚಿಕೊಂಡೀತು!" ಸೋದರತ್ತೆ ಪಿಸುಗುಟ್ಟಿದರು.

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸೋದರಸೊಸೆಗೆ ಅತ್ತೆ ಇಟ್ಟ ಹೆಸರು ಅದು. ಇಬ್ಬರೂ ಸೇರಿ ಒಂದು ಪುಟ್ಟ ಸ್ಟುಡಿಯೋ ನಡೆಸುತ್ತಿದ್ದರು. ಪಾಸ್‌ಪೋರ್ಟ್ ಫೋಟೋಗೆ ಬರುವ ಗಂಡಸರಿಗೆಲ್ಲ ಅಲ್ಲಿ ಒಂದೇ ಕಪ್ಪು ಕೋಟು. ತೆಳ್ಳಗಿದ್ದವರಿಗೆ ಅತ್ತೆ ಬೆನ್ನ ಹಿಂದೆ ಪಿನ್ನು ಚುಚ್ಚುತ್ತಿದ್ದರು, ದಪ್ಪಗಿದ್ದವರಿಗೆ ಉಸಿರು ಹಿಡಿಯಲು ಹೇಳುತ್ತಿದ್ದರು. ಇವಳು ಬಟನ್ ಒತ್ತುತ್ತಿದ್ದಳು.

'ನಾನು ನಿಜವಾಗಿ ಫೋಟೋಗ್ರಾಫರಾ... ಬರೀ ಬಟನ್ ಒತ್ತೋಳಾ?' ಈ ಒಂದು ಪ್ರಶ್ನೆ ಅವಳನ್ನು ಗೆದ್ದಲಿನ ಹಾಗೆ ತಿನ್ನುತ್ತಿತ್ತು. ಅದಕ್ಕೇ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು.

ಅವಳ ಚಿತ್ರ ಬಂತು. ಬೇಕರಿಯ ಒಲೆಯ ಮುಂದೆ ನಿಂತ ಮನುಷ್ಯ, ಮುಖದ ಮೇಲೆ ಕೆಂಡದ ಬೆಳಕು.

ಐದನೆಯ ಕುರ್ಚಿಯವನು ಮಾತಾಡಿದ. ಪತ್ರಿಕೆಯ ಫೋಟೋಗ್ರಾಫರ್, ಕನ್ನಡಕ ಕಣ್ಣಿಗಿಂತ ಹಣೆಯ ಮೇಲೆ ಇರುವುದೇ ಹೆಚ್ಚು.

"ಬೆಳಕು ಚೆನ್ನಾಗಿದೆ. ಆದ್ರೆ ಇದನ್ನ ತೆಗೆದೋರು ಬಾಗಿಲ ಹೊರಗೇ ನಿಂತುಬಿಟ್ಟಿದ್ದಾರೆ. ಅವನು ಒಳಗೆ ಕರೀತಿದ್ದಾನೆ, ಇವರು ಹೋಗಿಲ್ಲ. ಕ್ಯಾಮೆರಾ ಜೂಮ್ ಮಾಡಿ ಹತ್ತಿರ ಎಳ್ಕೊಂಡಿದೆ, ಮನಸ್ಸು ದೂರ ಇದೆ."

ಎಪ್ಪತ್ತೆರಡು!

ಅವಳ ಮೈಯೆಲ್ಲ ಉರಿಯಿತು. ಚಹಾದ ವಿರಾಮದಲ್ಲಿ ಪಡಸಾಲೆಯಲ್ಲಿ ಅವನನ್ನು ಅಡ್ಡಗಟ್ಟಿಯೇಬಿಟ್ಟಳು.

"ನಾನು ಒಳಗೆ ಹೋಗ್ಲಿಲ್ಲ ಅಂತ ನಿಮಗೇನು ಕನಸು ಬಿದ್ದಿತ್ತಾ?"

"ಓಹ್... ಆ ಬೇಕರಿ ನಿಮ್ಮದಾ?"

"ಬೇಕರಿ ನಂದಲ್ಲ ಸರ್. ಚಿತ್ರ ನಂದು!"

ಅವನು ಲೋಟ ಕೆಳಗಿಟ್ಟ. "ಸರಿ. ಅವನು ಕರೀಲೇ ಇಲ್ವಾ ನಿಮ್ಮನ್ನ?"

ಅವಳಿಗೆ ಆ ದಿನ ನೆನಪಾಯಿತು. ಕರೆದಿದ್ದ... 'ಬಾಮ್ಮಾ, ಹೊರಗ್ಯಾಕೆ ನಿಂತೆ' ಅಂದಿದ್ದ. ನಾಚಿಕೆಯಿಂದ ಇವಳೇ ಬೀದಿಯ ಆಚೆಗೆ ಸರಿದು, ದೂರದಿಂದ ಜೂಮ್ ಮಾಡಿ ತೆಗೆದಿದ್ದಳು.

"ಕರೆದಿದ್ದ," ಎಂದಳು, ನೆಲ ನೋಡುತ್ತಾ.

"ಮುಂದಿನ ಸಲ ಹೋಗಿ," ಎಂದ ಅವನು ಮೆಲ್ಲಗೆ.

ಅಂದಿನಿಂದ ಶುರುವಾಯಿತು. ಬಿಡುವಾದಾಗ ಅವನು ಸ್ಟುಡಿಯೋಗೆ ಬರುತ್ತಿದ್ದ. ಮೇಜಿನ ಮೇಲೆ ಅವಳ ಚಿತ್ರಗಳನ್ನು ಹರಡಿಕೊಂಡು, ಬೆರಳಿಟ್ಟು ತೋರಿಸುತ್ತಿದ್ದ. ಹೊಗಳಿಕೆಗೆ ಕೈ ಬಿಗಿ, ತಪ್ಪು ತೋರಿಸುವುದಕ್ಕೆ ಧಾರಾಳ. ಒಂದೊಂದು ಸಲ ಅವಳಿಗೆ ಅಳು ಬರುತ್ತಿತ್ತು. ಆದರೆ ಮರುದಿನವೇ ಕ್ಯಾಮೆರಾ ಹಿಡಿದು ಹೊರಟಿರುತ್ತಿದ್ದಳು. ಅಪರಿಚಿತರ ಅಡುಗೆಮನೆಗೆ, ಆಸ್ಪತ್ರೆಯ ಮೊಗಸಾಲೆಗೆ, ಗ್ಯಾರೇಜಿನ ಗುಂಡಿಯೊಳಕ್ಕೆ... ಕರೆದಲ್ಲಿಗೆಲ್ಲ ಹೋದಳು.

"ಏನಪ್ಪಾ ಹಣೆಗನ್ನಡಕ," ಅತ್ತೆ ರೇಗಿಸುತ್ತಿದ್ದರು, "ನೀನು ನೋಡೋಕೆ ಬರೋದು ಫೋಟೋನಾ, ತೆಗೆದೋಳನ್ನಾ?"

"ಅತ್ತೇ!" ಅವಳು ಕೆಂಪಾಗುತ್ತಿದ್ದಳು.

ಅವನು ಥಟ್ಟನೆ ಕನ್ನಡಕ ಕಣ್ಣಿಗಿಳಿಸಿ, ತಲೆಕೆಳಗಾಗಿದ್ದ ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದ.

ಮಾತು ಅಷ್ಟಕ್ಕೇ ನಿಂತಿತ್ತು. ಹೇಳದ ಮಾತು ಒಲೆಯ ಮೇಲಿಟ್ಟ ಹಾಲಿನ ಹಾಗೆ, ಕಣ್ಣು ಕೀಳುವಂತಿಲ್ಲ.

ಮರುವರ್ಷದ ಸ್ಪರ್ಧೆಗೆ ಚಿತ್ರ ಅಚ್ಚು ಹಾಕಿಸಲು ಹೋದ ದಿನ, ಮದುವೆ ಫೋಟೋ ತೆಗೆಯುವ ಒಬ್ಬ ಹಲ್ಲು ಕಿರಿದ.

"ಈ ಸಲ ನಿಮಗೇನು ಬಿಡಿ! ಐದು ಕುರ್ಚೀಲಿ ಒಂದು ಮನೇದೇ ಅಲ್ವಾ!"

ಆ ಮಾತು ಕಾದ ಕಬ್ಬಿಣವಾಯಿತು. ಪದಕ ಬಂದರೂ ಇವರು ಹೀಗೇ ಅನ್ನುತ್ತಾರೆ. 'ಇವರನ್ನು ಬಿಡು... ನನಗೇ ಹೇಗೆ ಗೊತ್ತಾಗಬೇಕು, ಅವನು ಅಂಕ ಕೊಟ್ಟದ್ದು ಚಿತ್ರಕ್ಕೋ ನನಗೋ?'

ಆ ಸಂಜೆ ಅವನು ಬಂದಾಗ ಬಾಗಿಲಲ್ಲೇ ನಿಲ್ಲಿಸಿದಳು.

"ಸ್ಪರ್ಧೆ ಮುಗಿಯೋವರೆಗೂ ಬರಬೇಡಿ. ಈ ಸಲದ ಚಿತ್ರ ನಿಮಗೆ ತೋರಿಸಿಲ್ಲ, ತೋರಿಸೋದೂ ಇಲ್ಲ. ಅದು ಬಂದಾಗ ಯಾರದೋ ಅನ್ಕೊಂಡು ನೋಡಿ, ಅಂಕ ಕೊಡಿ. ನನಗೆ ನಿಮ್ಮ ತೀರ್ಪು ಬೇಕು. ದಯೆ ಬೇಡ."

"ಅಷ್ಟೇನಾ?"

"ಅಷ್ಟೇ."

"ಆಗಲಿ," ಎಂದು ಮೆಟ್ಟಿಲಿಳಿದು ಹೋದ. ತಿರುಗಿ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಬಾಗಿಲ ಸದ್ದಾದರೆ ಎದ್ದಳು, ಗಿರಾಕಿ ಎಂದು ತಿಳಿದು ಕೂತಳು.

"ಬರಬೇಡ ಅಂದೋಳೂ ನೀನೇ, ಬಾಗಿಲು ಕಾಯೋಳೂ ನೀನೇ," ಎಂದರು ಅತ್ತೆ. "ನಡುವೆ ಆ ಬಾಗಿಲೇನು ಪಾಪ ಮಾಡಿತ್ತೇ?"

ಸ್ಪರ್ಧೆಯ ಭಾನುವಾರ ಬಂತು. ಅದೇ ಹಾಲ್, ಅದೇ ದೀಪ. ಐದನೆಯ ಕುರ್ಚಿಯಲ್ಲಿ ಅವನು. ಸ್ವಲ್ಪ ಇಳಿದುಹೋಗಿದ್ದಾನೆ... ಅಲ್ವಾ?

ಊಟದ ಹೊತ್ತಿಗೆ ಮುಂಚೆ ಅವಳ ಚಿತ್ರ ದೀಪದ ಕೆಳಗೆ ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ಮುದುಕಿ ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದಾಳೆ. ಆ ಮುದುಕ ಶಾಲೆಗೆ ಹೊರಟ ಮಗುವಿನಂತೆ ಗದ್ದ ಎತ್ತಿದ್ದಾನೆ. ಮುದುಕಿಯ ಕಣ್ಣು ಮಾತ್ರ ನಮ್ಮ ಕಡೆಗೆ. ಎಷ್ಟು ಹತ್ತಿರದ ಚಿತ್ರವೆಂದರೆ ಅವಳ ಉಸಿರು ತಾಗಬೇಕು.

ಅವನು ಕನ್ನಡಕ ಇಳಿಸಿದ. ನೋಡಿದ. ಮುಂದೆ ಬಾಗಿ ಇನ್ನೊಮ್ಮೆ ನೋಡಿದ.

ಆಮೇಲೆ... ಎದ್ದು ನಿಂತ!

ಪಕ್ಕದ ಬಾಗಿಲಿನಿಂದ ಹೊರಗೆ ಹೋದ.

ಅಲ್ಲಿನ ಕಟ್ಟಳೆ ಎಲ್ಲರಿಗೂ ಗೊತ್ತು. ಚಿತ್ರ ಯಾರದೆಂದು ತಿಳಿದುಹೋದರೆ ತೀರ್ಪುಗಾರ ಎದ್ದುಹೋಗಬೇಕು, ಕಾರಣ ಹೇಳಬೇಕಾಗಿಲ್ಲ. ಮೀಸಲಿಟ್ಟ ಇನ್ನೊಬ್ಬ ತೀರ್ಪುಗಾರರು ಆ ಕುರ್ಚಿಗೆ ಬರುತ್ತಾರೆ. ಒಬ್ಬ ನರೆಗೂದಲಿನ ಹಿರಿಯರು ಬಂದು ಕೂತರು.

ಅವಳು ಅವನು ಹೋದ ಬಾಗಿಲನ್ನೇ ನೋಡಿದಳು. 'ತೋರಿಸೇ ಇಲ್ಲ! ಯಾರೋ ಚಾಡಿ ಹೇಳಿದ್ದಾರೆ. ಜನರ ಬಾಯಿಗೆ ಹೆದರಿ ನನ್ನ ಕೈಬಿಟ್ಟ... ನಾನು ಕೇಳಿದ್ದು ಒಂದೇ ಒಂದು. ಅದನ್ನೂ ಕೊಡಲಿಲ್ಲ!'

"ಬಹಳ ಒಳ್ಳೆ ಚಿತ್ರ," ಎನ್ನುತ್ತಿದ್ದರು ಹಿರಿಯರು. "ಆದರೆ ಬಲಗಡೆ ಮೂಲೇಲಿ ಕಿಟಕಿ ಬೆಳ್ಳಗೆ ಉರೀತಿದೆ. ಕಣ್ಣು ಮುದುಕಿ ಹತ್ತಿರ ಹೋಗಿ ಮತ್ತೆ ಅಲ್ಲಿಗೆ ಓಡುತ್ತೆ."

ಎಪ್ಪತ್ತೊಂಬತ್ತು.

ಒಂದೇ ಒಂದು ಅಂಕ!

ಅವಳು ದಡಬಡ ಎದ್ದು ಹೊರಗೆ ನಡೆದಳು. ಕಟ್ಟಡದ ಹಿಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಕಲ್ಲುಬೆಂಚು. ಅದರ ಮೇಲೆ ಅವನು, ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ.

"ಯಾರು ಹೇಳಿದ್ರು ಅದು ನಂದು ಅಂತ?"

ಅವನು ತಲೆ ಎತ್ತಿದ. "ಯಾರೂ ಇಲ್ಲ."

"ಸುಳ್ಳು! ಕೊಟ್ಟ ಮಾತಿಗೆ ತಪ್ಪಿದ್ರಿ. ನಿಮಗೆ ನಿಮ್ಮ ಹೆಸರೇ ದೊಡ್ಡದಾಯ್ತು!"

"ಆ ಮುದುಕಿ ಹೇಳಿದಳು," ಎಂದ ಅವನು.

"ಏನು?"

"ಅವಳ ಮುಖ ನೋಡ್ದೆ. ಯಾರನ್ನೋ ಬೈಯೋಕೆ ಬಾಯಿ ತೆಗೆದು, ಬೈಯೋಕೆ ಆಗದೆ ನಗು ಬಂದಿದೆ. ಎದುರಿಗಿರೋರಿಗೆ ಹಾಗೆ ಮಾಡೋಳು ಒಬ್ಬಳೇ. ಒಂದು ವರ್ಷದಿಂದ ಕನ್ನಡೀಲಿ ನನ್ನ ಮುಖಾನೂ ಹಾಗೇ ಕಾಣ್ತಿದೆ..." ಅವನು ಬೆಂಚಿನಿಂದ ಎದ್ದು ನಿಂತ. "ನೀನು ಯಾರದೋ ಅನ್ಕೊಂಡು ನೋಡಿ ಅಂದೆ. ಪ್ರಯತ್ನ ಪಟ್ಟೆ ಕಣೇ. ಬೆರಳು ಅಂಕ ಒತ್ತೋಕೆ ಹೋಯ್ತು, ಹಿಂದಕ್ಕೆ ತಗೊಂಡೆ. ನೀನು ನನಗೆ ಯಾರೋ ಅಲ್ಲ. ಸುಳ್ಳು ಹೇಳ್ಕೊಂಡು ಆ ಕುರ್ಚೀಲಿ ಕೂತು ನಿನ್ನ ಚಿತ್ರಕ್ಕೆ ಮೋಸ ಮಾಡಲಾ?"

ಮೊದಲ ಸಲ 'ನೀನು' ಅಂದಿದ್ದ. ಅದು ಅವನಿಗೂ ಆಮೇಲೆ ತಿಳಿಯಿತು.

ಅವಳ ಕೋಪ ಬಿಸಿಲಿಗಿಟ್ಟ ಬೆಣ್ಣೆಯಾಯಿತು. ಆದರೂ ಆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು.

"ಹಾಗಾದ್ರೆ... ನನಗೆ ಯಾವತ್ತೂ ಗೊತ್ತಾಗಲ್ಲ. ನಾನು ಒಳ್ಳೆಯವಳೋ ಅಲ್ಲವೋ. ನಿಮ್ಮ ಬಾಯಿಂದ ಇನ್ನು ಬರೀ ಪ್ರೀತಿ ಬರುತ್ತೆ, ನಿಜ ಬರಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ.

"ನಿಜ ಬೇಕಾ? ಬಲಗಡೆ ಮೂಲೇಲಿರೋ ಕಿಟಕಿ ಸರಿಯಿಲ್ಲ. ಮುದುಕೀನ ನೋಡೋಕೆ ಬಿಡಲ್ಲ ಅದು. ಅರ್ಧ ಹೆಜ್ಜೆ ಎಡಕ್ಕೆ ನಿಂತಿದ್ರೆ ಗಂಡನ ತಲೆ ಹಿಂದೆ ಮುಚ್ಚಿಹೋಗ್ತಿತ್ತು. ಅವಸರ ಮಾಡಿದೀಯ."

ಅವಳು ದಂಗಾದಳು. ಹಿರಿಯರು ಹೇಳಿದ್ದೂ ಅದನ್ನೇ! ಇವನು ಆಗ ಹೊರಗಿದ್ದ, ಕೇಳಿಸಿಕೊಂಡಿರಲಿಲ್ಲ.

ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. "ಪ್ರೀತಿ ಹೇಳೋ ಹೊತ್ತಲ್ಲೂ ಕಿಟಕಿ ಕಾಣ್ತಲ್ಲ ನಿಮಗೆ!"

"ಮಿಕ್ಕಿದ್ದು ಇಷ್ಟು ವರ್ಷದಲ್ಲಿ ನಾನು ನೋಡಿದ ಅತಿ ಒಳ್ಳೆ ಚಿತ್ರ. ಇದೂ ನಿಜಾನೇ."

ಬಾಗಿಲ ಬಳಿ ಕೆಮ್ಮಿದ ಸದ್ದು. ಅತ್ತೆ, ಬಗಲಲ್ಲಿ ಚೀಲ.

"ನಾನು ನಾಲ್ಕು ಗಂಟೆ ಬಸ್ಸಿಗೆ ಹೋಗ್ತೀನಮ್ಮ. ಸ್ಟುಡಿಯೋದಲ್ಲಿ ರಾಶಿ ಕೆಲಸ ಇದೆ."

"ಇವತ್ತು ಸ್ಟುಡಿಯೋಗೆ ರಜಾ ಅತ್ತೆ!"

"ರಜಾ ದಿನಾನೇ ಹೆಚ್ಚು ಕೆಲಸ ಇರೋದು. ನಿನಗೇನು ಗೊತ್ತು?" ಎಂದು ಅತ್ತೆ ಗೇಟಿನ ಕಡೆ ಹೊರಟೇಬಿಟ್ಟರು.

ಅವನು ನಿಧಾನವಾಗಿ ಹೇಳಿದ. "ಇನ್ನು ಆ ಕುರ್ಚೀಲಿ ಕೂರಲ್ಲ ಅಂತ ಹೇಳಿಬರ್ತೀನಿ."

"ಮತ್ತೆಲ್ಲಿ ಕೂರ್ತೀರಿ?"

"ನೀನು ಜಾಗ ಕೊಟ್ಟಲ್ಲಿ."

ಅವಳು ಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದಳು.

ಅತ್ತೆ ನಾಲ್ಕರ ಬಸ್ಸಿಗೆ ಊರಿಗೆ ಹೋದರು. ಸಂಜೆ ಅವನು ತೀರ್ಪುಗಾರನ ಕುರ್ಚಿ ಬಿಟ್ಟು ಅವಳ ಬಳಿಗೆ ಬಂದ. ಎರಡೂ ಅದೇ ಭಾನುವಾರ.